ಪವಾಡದ ಬೆಲೆ ತೆತ್ತವರು: ಹಳೆಯ ಐತಿಹ್ಯಗಳನ್ನು ಹೆಣ್ಣಿನ, ಲಿಂಗತ್ವ ಅಲ್ಪಸಂಖ್ಯಾತರ ಕಡೆಯಿಂದ ಫ್ಯಾಂಟಸಿಯಾಗಿ ಬರೆಯುವ ಬಗೆ

ಲಕ್ಕುಂಡಿ, ಸೂಡಿ, ಹಾನಗಲ್ಲು, ಅಬ್ಬಲೂರು, ಯಾವ ಊರಿನ ಗುಡಿಕಟ್ಟೆಯ ಮೇಲೆ ಕೂತರೂ ಒಂದು ಪವಾಡದ ಕಥೆ ಕಿವಿಗೆ ಬೀಳುತ್ತದೆ. ಹೊಳೆ ನಿಂತಿತು, ಕಡಿದ ತಲೆ ಮತ್ತೆ ಕೂಡಿತು, ಶಾಪ ತಟ್ಟಿ ಗಂಡು ಹೆಣ್ಣಿನ ಬಾಳು ಬಾಳಿತು. ಇವನ್ನು ಹೊಸದಾಗಿ ಹೇಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ರಾಣಿಯ ಕೈಗೆ ಕತ್ತಿ ಕೊಡುವುದು. ಆದರೆ ಕತ್ತಿ ನಮ್ಮ ಶಾಸನಗಳಲ್ಲಿ ಮೊದಲೇ ಇದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು 70 ಎಂಬ, ಎಪ್ಪತ್ತು ಹಳ್ಳಿಗಳ ನಾಡನ್ನು ಆಳಿದವಳು. ಇಂದಿನ ಗದಗ ಜಿಲ್ಲೆಯ ಸೂಡಿ ಅವಳ ಆಳ್ವಿಕೆಯ ಊರು. 1047ರಲ್ಲಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಶಾಸನಗಳು ಅವಳನ್ನು ರಣಭೈರವಿ ಎಂದೇ ಕರೆದಿವೆ. ಒಂಬೈನೂರು ವರ್ಷಗಳಿಗೂ ಹಿಂದೆ ಶಾಸನ ಬರೆದವನು ಒಪ್ಪಿಕೊಂಡದ್ದನ್ನು ನಾವು ಇಂದು ಹೊಸದೆಂದು ಬರೆದರೆ ಓದುವವರಿಗೆ ಏನೂ ಸಿಕ್ಕಂತಾಗುವುದಿಲ್ಲ.

ಕಥೆ ಇರುವ ಜಾಗ ಬೇರೆ. ಪವಾಡ ಅಂದಮೇಲೆ ಅದಕ್ಕೊಂದು ಬೆಲೆ ಇದ್ದೇ ಇರುತ್ತದೆ. ಆ ಬೆಲೆ ತೆತ್ತವರ ಮಾತು ಕಾವ್ಯದಲ್ಲಿ ಅರ್ಧ ಸಾಲಿಗೆ ಮುಗಿದಿರುತ್ತದೆ, ಊರವರ ಬಾಯಲ್ಲಿ ಅದೂ ಇರುವುದಿಲ್ಲ. ಆ ಅರ್ಧ ಸಾಲನ್ನು ಹುಡುಕಿ ಹಿಡಿದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ.

ಮೊದಲು ಮೂರು ಪಾಠ ಕೂಡಿಸಿ

ಒಂದು ಐತಿಹ್ಯ ಆರಿಸಿಕೊಂಡ ಮೇಲೆ ಅದರ ಕನಿಷ್ಠ ಮೂರು ಪಾಠಗಳು ಕೈಯಲ್ಲಿರಬೇಕು: ಶಾಸನದ್ದು, ಕಾವ್ಯದ್ದು, ಊರ ಬಾಯಿಯದ್ದು. ಈ ಸೀಮೆಯ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಬಾಂಬೆ ಕರ್ನಾಟಕದ ಶಾಸನಗಳೆಂದು ಅಚ್ಚಾಗಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ 1939ರಿಂದ ಇದೇ ಕೆಲಸದಲ್ಲಿದೆ. ಹಾಡು, ಬಾಯಿಮಾತಿನ ಕಥೆಗಳ ಬಗ್ಗೆ ಕೇಳಲು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ.

ಊರ ಬಾಯಿಯ ಪಾಠ ಕೇಳುವಾಗ ಪೂಜಾರಿಯವರ ಹತ್ತಿರ ಒಮ್ಮೆ, ಗುಡಿಗೆ ಬಂದ ಹೆಂಗಸರ ಹತ್ತಿರ ಇನ್ನೊಮ್ಮೆ, ಬೇರೆಬೇರೆಯಾಗಿ ಕೇಳಿ. ಎಲ್ಲರೂ ಕೂತಲ್ಲಿ ಕೇಳಿದರೆ ಹಿರಿಯ ಗಂಡಸಿನ ಪಾಠ ಒಂದೇ ಸಿಗುತ್ತದೆ, ಉಳಿದವರು ಹೌದ್ರೀ ಅಂದು ಸುಮ್ಮನಾಗುತ್ತಾರೆ. ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: “ಆಮ್ಯಾಲೆ ಅಕಿ ಏನಾದ್ಲು?” ಪವಾಡವಾದ ಮರುದಿನ ಆ ಹೆಣ್ಣು ಎಲ್ಲಿದ್ದಳು, ಯಾರ ಮನೆಯಲ್ಲಿ ಉಂಡಳು ಎನ್ನುವುದಕ್ಕೆ ಒಬ್ಬರು ಉತ್ತರ ಕೊಟ್ಟರೂ ನಿಮ್ಮ ಅರ್ಧ ಕೆಲಸ ಆದಂತೆ. ಯಾರೂ ಕೊಡದಿದ್ದರೆ ಅದೇ ನೀವು ತುಂಬಬೇಕಾದ ತೆರವು.

ಬಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಮೂರು ಸಾಲಾಗಿ ಬರೆದುಕೊಳ್ಳಿ: ಪವಾಡ ಯಾರು ಮಾಡಿದರು, ಲಾಭ ಯಾರಿಗಾಯಿತು, ಕಳೆದುಕೊಂಡವರು ಯಾರು. ಮೊದಲೆರಡು ಸಾಲು ತಾವಾಗಿಯೇ ತುಂಬುತ್ತವೆ. ಮೂರನೆಯದಕ್ಕೆ ಹೊತ್ತು ಹಿಡಿಯುತ್ತದೆ. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ತೊಟ್ಟು ತಲೆ ಕಡಿದುಕೊಂಡು ಏಳು ದಿನಕ್ಕೆ ಮರಳಿ ಪಡೆದ ಕಥೆಯನ್ನು ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಮೂರನೆಯ ಸಾಲಿನಲ್ಲಿ ಆ ಪಣದಲ್ಲಿ ಸೋತ ಜೈನರು ಬರುತ್ತಾರೆ. ಅವರನ್ನು ಬರೆಯದೆ ಬಿಟ್ಟರೆ ನಿಮ್ಮ ಮರುಕಥನವೂ ಗೆದ್ದವರ ಕಡೆಯದೇ ಆಗುತ್ತದೆ. ಹೆಣ್ಣಿನ ಪರ ಬರೆದ ಕಥೆಯಲ್ಲಿ ಇನ್ನೊಂದು ಮತದವರನ್ನು ಕೇಡಿಗರನ್ನಾಗಿ ನಿಲ್ಲಿಸುವ ತಪ್ಪು ಬಹಳ ನಡೆಯುತ್ತದೆ.

ಕಲ್ಲನ್ನು ಹೋಗಿ ನೋಡಿ. ಮೊಬೈಲಿನ ಫೋಟೋ ಸಾಲದು. ಒಂದು ಮಾಸ್ತಿಗಲ್ಲನ್ನೇ, ಅಂದರೆ ಗಂಡನ ಚಿತೆಯೇರಿದವಳ ನೆನಪಿನ ಕಲ್ಲನ್ನೇ, ತೆಗೆದುಕೊಳ್ಳಿ. ಕಂಬದಂಥ ಒಂದು ಗೂಟ, ಅದರ ಬದಿಯಿಂದ ಹೊರಟ ಒಂದೇ ತೋಳು. ತೋಳು ಮೊಣಕೈಯಲ್ಲಿ ಮಡಿಚಿ ಮೇಲೆದ್ದಿರುತ್ತದೆ, ಅಂಗೈ ನಮ್ಮ ಕಡೆ ತೆರೆದಿರುತ್ತದೆ. ಹೆಬ್ಬೆರಳಿನ ಸಂದಿಯಲ್ಲಿ ಒಂದು ನಿಂಬೆಹಣ್ಣು, ಮೇಲೆ ಸೂರ್ಯ, ಚಂದ್ರ. ಮುಖ ಇಲ್ಲ, ಹೆಚ್ಚಿನವುಗಳಲ್ಲಿ ಹೆಸರೂ ಇಲ್ಲ. ಬಳೆ ಮಾತ್ರ ಇವೆ, ಅವು ಒಡೆದಿಲ್ಲ. ಗಂಡ ಸತ್ತರೂ ಬಳೆ ಒಡೆಯದೆ ಉಳಿದ ಕೈ ಅದು, ಅದಕ್ಕೇ ಅವಳು ಮಾಸ್ತಿ. ಆ ಕಲ್ಲಿನ ಮುಂದೆ ಕಾಲು ಗಂಟೆ ಕೂತು ಬಳೆ ಎಣಿಸಿ ಬರೆದುಕೊಂಡವರ ಕಥೆ ಬೇರೆಯೇ ಬರುತ್ತದೆ. “ಕೈಗೆ ಬಳಿ ತೊಟ್ಕೊಂಡೀ ಏನಲೇ?” ಎಂದು ಗಂಡಸನ್ನು ಬೈಯುವ ಊರಿನಲ್ಲೇ ಬಳೆ ತೊಟ್ಟ ಕೈಗೆ ಕುಂಕುಮ ಹಚ್ಚುತ್ತಾರೆ ಎನ್ನುವುದು ಅಲ್ಲಿ ಕೂತಾಗಲೇ ಹೊಳೆಯುತ್ತದೆ.

ಬೆಲೆಯಿಂದ ಮಾಯೆಯ ಕಟ್ಟಳೆ: ಅತ್ತಿಮಬ್ಬೆಯ ಉದಾಹರಣೆ

ಫ್ಯಾಂಟಸಿಯಲ್ಲಿ ಮಾಯೆಗೆ ಕಟ್ಟಳೆ ಬೇಕು. ಬೇಕಾದಾಗ ಬೇಕಾದ್ದು ಆಗುವಂತಿದ್ದರೆ ಓದುವವರಿಗೆ ಹೆದರಿಕೆ ಇರುವುದಿಲ್ಲ. ಹೆದರಿಕೆ ಹೋದಮೇಲೆ ಕಥೆಯೂ ಹೋದಂತೆ. ಆ ಕಟ್ಟಳೆಯನ್ನು ಹೊರಗಿನಿಂದ ತರದೆ ಮೂರನೆಯ ಸಾಲಿನಿಂದ ತೆಗೆಯಬೇಕು.

ದಾನಚಿಂತಾಮಣಿ ಅತ್ತಿಮಬ್ಬೆಯ ವಿಷಯದಲ್ಲಿ ಸಿಗುವುದಿಷ್ಟು. ಮಲ್ಲಪಯ್ಯನ ಮಗಳು. ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ಒಬ್ಬನೇ ನಾಗದೇವನಿಗೆ ಕೊಟ್ಟಿದ್ದರು. ನಾಗದೇವ ಯುದ್ಧದಲ್ಲಿ ಸತ್ತ. ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಮಗ ಅಣ್ಣಿಗದೇವನೊಂದಿಗೆ ಉಳಿದು ವ್ರತ ಹಿಡಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳು. ರನ್ನ 993ರಲ್ಲಿ ಅವಳ ಆಶ್ರಯದಲ್ಲೇ ಅಜಿತಪುರಾಣ ಬರೆದ. ಲಕ್ಕುಂಡಿಯ ಬ್ರಹ್ಮಜಿನಾಲಯ ಅವಳು ಕಟ್ಟಿಸಿದ್ದು, ಅಲ್ಲಿನ ಶಾಸನ 1007ರದು. ಅವಳ ಪವಾಡಗಳಲ್ಲಿ ಹೆಸರಾದದ್ದು ಉಕ್ಕಿ ಹರಿಯುತ್ತಿದ್ದ ಗೋದಾವರಿ ನಿಂತದ್ದು.

ಇದನ್ನು ಹಾಳೆಯ ಮೇಲಿಡಿ. ಹೊಳೆ ನಿಲ್ಲಿಸಿದವಳು ಅಕ್ಕ. ಲಾಭವಾದದ್ದು ದಾಟಬೇಕಾದವರಿಗೆ. ಕಳೆದುಕೊಂಡವಳು? ಬೆಂಕಿಗೆ ಹೋದ ತಂಗಿ. ಒಂದೇ ಮನೆಯ ಇಬ್ಬರಲ್ಲಿ ಒಬ್ಬಳು ಬೆಂಕಿಯಲ್ಲಿ ನಿಂತಳು, ಇನ್ನೊಬ್ಬಳು ನೀರಿನಲ್ಲಿ ನಿಂತಳು. ಇದಕ್ಕಿಂತ ದೊಡ್ಡ ಪ್ರತಿಮೆ ಕಲ್ಪಿಸಿ ತರಬೇಕಾಗಿಲ್ಲ, ಐತಿಹ್ಯವೇ ಕೊಟ್ಟಿದೆ.

ಈಗ ಕಟ್ಟಳೆ ಬರೆಯಿರಿ, ಒಂದೇ ವಾಕ್ಯದಲ್ಲಿ: ಬೆಂಕಿ ತನ್ನವರನ್ನು ಒಯ್ದವಳ ಮಾತನ್ನು ನೀರು ಕೇಳುತ್ತದೆ, ಆದರೆ ಕೇಳಿದಾಗಲೆಲ್ಲ ಹೋದವರ ಒಂದು ನೆನಪನ್ನು ಒಯ್ಯುತ್ತದೆ. ಐದಾರು ಸಾವಿರ ಪದಗಳ ಕಥೆಯಲ್ಲಿ ಪವಾಡ ಮೂರು ಸಲಕ್ಕಿಂತ ಹೆಚ್ಚು ಬರಬಾರದು, ಬೆಲೆ ಪ್ರತಿ ಸಲವೂ ಏರಬೇಕು. ಮೊದಲ ಸಲ ಕೆರೆಯ ಕೋಡಿ ನಿಲ್ಲುತ್ತದೆ, ತಂಗಿ ಹೆರಳು ಹಾಕಿಕೊಳ್ಳುತ್ತಿದ್ದ ರೀತಿ ಮರೆಯುತ್ತದೆ. ಎರಡನೆಯ ಸಲ ತಂಗಿಯ ದನಿ ಹೋಗುತ್ತದೆ. ಮೂರನೆಯದು ಗೋದಾವರಿ. ದಂಡು ದಾಟುತ್ತದೆ, ಜನ ಕೈ ಮುಗಿಯುತ್ತಾರೆ, ಅವಳಿಗೆ ತಂಗಿಯ ಹೆಸರು ಬಾಯಿಗೆ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಗೋಳಿನ ಕಥೆಯಾಗುತ್ತದೆ. ಹೆಣ್ಣು ಏನು ಮಾಡಿದಳು ಎನ್ನುವುದು ಬರಬೇಕು, ಅದಕ್ಕೆ ಇತಿಹಾಸದ ಇನ್ನೊಂದು ಸಂಗತಿ ಕಾದು ಕೂತಿದೆ: ಸಾವಿರ ಪ್ರತಿ. ಮರೆವು ಬರುತ್ತದೆಂದು ಮೊದಲೇ ಗೊತ್ತಿದ್ದ ಹೆಣ್ಣು, ಪ್ರತಿಯೊಂದು ಓಲೆಕಟ್ಟಿನ ಒಂದು ಗರಿಯ ಅಂಚಿನಲ್ಲಿ ಒಂದೊಂದು ಅಕ್ಷರ ಕೊರೆಯಿಸಿಟ್ಟಿದ್ದಾಳೆ. ಗುಂ. ಡ. ಮ. ಬ್ಬೆ. ಪ್ರತಿಗಳು ನಾಡಿನ ಬಸದಿಗಳಿಗೆಲ್ಲ ಹಂಚಿಹೋಗಿವೆ. ತಂಗಿಯ ಹೆಸರು ಓದಬೇಕೆಂದರೆ ಅವಳೀಗ ಊರೂರು ನಡೆಯಬೇಕು. ಹೀಗೆ ಇತಿಹಾಸದ ಸಂಗತಿ ಮಾಯೆಯ ಕಟ್ಟಳೆಗೆ ಕೊಂಡಿಯಾದಾಗ ಕಥೆ ತಾನೇ ನಿಲ್ಲುತ್ತದೆ. ಸಂಗತಿಯನ್ನು ಬರೀ ಅಲಂಕಾರಕ್ಕೆ ಇಟ್ಟರೆ, ಅಂದರೆ ಎರಡು ಪ್ಯಾರಾ ಗುಡಿಯ ವರ್ಣನೆ ಹಾಕಿ ಮುಂದೆ ಹೋದರೆ, ಓದುವವರು ಅದನ್ನು ದಾಟಿಕೊಂಡೇ ಹೋಗುತ್ತಾರೆ.

ಓಲೆ ಬರೆಯುವ ದೃಶ್ಯ ಬಂದರೆ ಒಂದು ಎಚ್ಚರಿಕೆ. ಓಲೆಗರಿಯ ಮೇಲೆ ಸಾಮಾನ್ಯವಾಗಿ ಮಸಿಯಲ್ಲಿ ಅದ್ದಿ ಬರೆಯುತ್ತಿರಲಿಲ್ಲ. ಕಂಠದಿಂದ ಅಕ್ಷರ ಕೊರೆದು, ಆಮೇಲೆ ಕಪ್ಪು ತಿಕ್ಕಿ ಒರೆಸಿದರೆ ಗೆರೆಯಲ್ಲಿ ಉಳಿದ ಕಪ್ಪು ಅಕ್ಷರವಾಗಿ ಕಾಣುತ್ತಿತ್ತು. ಕಪ್ಪು ತಿಕ್ಕದ ಅಕ್ಷರ ಇದ್ದೂ ಕಾಣದಂತಿರುತ್ತದೆ. ಗುಟ್ಟಿನ ಹೆಸರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಬೃಹನ್ನಳೆ ಬರೀ ವೇಷವೋ?

ಹಾನಗಲ್ಲನ್ನು ಶಾಸನಗಳು ವಿರಾಟನಗರಿ, ವಿರಾಟನಕೋಟೆ ಎಂದು ಕರೆದಿವೆ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನಿಂದಾಗಿ ವಿರಾಟಪರ್ವ ಈ ಕಡೆಯ ಗಮಕಿಗಳ ಬಾಯಲ್ಲಿ ಇಂದಿಗೂ ಇದೆ. ಹಾಗಾಗಿ ಲಿಂಗತ್ವದ ಕಥೆ ಹುಡುಕುವವರು ಮೊದಲು ಬಂದು ನಿಲ್ಲುವುದು ಬೃಹನ್ನಳೆಯ ಮುಂದೆ. ಎಡವುವುದೂ ಇಲ್ಲೇ. ಬೃಹನ್ನಳೆ ಅಂದರೆ ಒಂದು ವರ್ಷ ಹೆಣ್ಣಿನ ಉಡುಗೆ ಉಟ್ಟ ಗಂಡುಗಲಿ ಅರ್ಜುನ, ಕೊನೆಗೆ ಸೀರೆ ಕಳಚಿ ಗಾಂಡೀವ ಹಿಡಿದಾಗ ಚಪ್ಪಾಳೆ. ಈ ಚೌಕಟ್ಟನ್ನು ಹಾಗೇ ಉಳಿಸಿಕೊಂಡರೆ ನೀವು ಎಷ್ಟು ಅಕ್ಕರೆಯಿಂದ ಬರೆದರೂ, ಹೆಣ್ಣಾಗಿ ಬಾಳುವುದು ಒಂದು ಶಾಪ, ಗಂಡಾಗಿ ಮರಳುವುದು ಬಿಡುಗಡೆ ಎಂದೇ ಹೇಳಿದಂತಾಗುತ್ತದೆ. ಇದನ್ನು ಓದುವ ಲಿಂಗತ್ವ ಅಲ್ಪಸಂಖ್ಯಾತ ಹುಡುಗಿಗೆ ಅದು ಹೇಗೆ ತಾಗುತ್ತದೆ ಎಂದು ಯೋಚಿಸಿ ಬರೆಯಬೇಕು.

ಬಿಡಿಸಿಕೊಳ್ಳುವ ದಾರಿ: ಕಣ್ಣು ಬದಲಿಸಿ. ಅಂತಃಪುರದಲ್ಲಿ ಬೃಹನ್ನಳೆಗಿಂತ ಮೊದಲೇ ಒಬ್ಬಳಿದ್ದಳೆಂದು ಇಟ್ಟುಕೊಳ್ಳಿ. ಹುಟ್ಟಿದಾಗ ಗಂಡೆಂದು ಹೆಸರಿಟ್ಟವರು, ಬೆಳೆದಂತೆ ತಾನು ಹೆಣ್ಣೆಂದು ಕಂಡುಕೊಂಡವಳು, ಉತ್ತರೆಯ ಕುಣಿತಕ್ಕೆ ಮದ್ದಳೆ ನುಡಿಸುವವಳು. ಹೊಸಬಳು ಬಂದಾಗ ಅವಳಿಗೆ ಆಸೆಯಾಗುತ್ತದೆ, ತನ್ನಂಥವಳೊಬ್ಬಳು ಸಿಕ್ಕಳೆಂದು. ವ್ಯಾಸಭಾರತದಲ್ಲಿ ವಿರಾಟ, ಬೃಹನ್ನಳೆಯನ್ನು ಪರೀಕ್ಷೆ ಮಾಡಿಸಿ ಖಾತ್ರಿಯಾದ ಮೇಲೆಯೇ ಹೆಣ್ಣುಮಕ್ಕಳ ಅರಮನೆಗೆ ಬಿಡುತ್ತಾನೆ. ಕಾವ್ಯ ಒಂದು ಮಾತಿನಲ್ಲಿ ದಾಟುವ ಈ ಪರೀಕ್ಷೆಯ ಮೇಲೆ ನೀವು ಒಂದು ಇಡೀ ದೃಶ್ಯ ಕಟ್ಟಬೇಕು. ಮದ್ದಳೆಯವಳಿಗೂ ಒಂದು ದಿನ ಇದೇ ಪರೀಕ್ಷೆ ಆಗಿದೆ, ಅವಳಿಗೆ ಆ ಕೋಣೆ ಗೊತ್ತು. ಪರೀಕ್ಷೆ ಎಂದರೇನೆಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಇಂದೂ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು ಒಪ್ಪಿದ್ದು 2014ರಲ್ಲಿ. ಆ ದೃಶ್ಯದಲ್ಲಿ ಮೈಯನ್ನು ವರ್ಣಿಸಬೇಡಿ. ಬಾಗಿಲು, ಹೊರಗೆ ಕಾಯುವ ಹೊತ್ತು, ಹೊರಬಂದವಳು ಸೆರಗು ಸರಿಮಾಡಿಕೊಳ್ಳುವ ಕೈ, ಇಷ್ಟು ಸಾಕು.

ಇಲ್ಲಿಯೂ ಬಳೆ ಇದೆ. ಎರಡೂ ಕೈಯಲ್ಲಿ ಬಿಲ್ಲು ಎಳೆಯುವ ಸವ್ಯಸಾಚಿಯ ತೋಳಿನಲ್ಲಿ ಹೆದೆಯ ಗಾಯದ ಗುರುತುಗಳಿದ್ದವು, ಅವನ್ನು ಮುಚ್ಚಲೆಂದೇ ಬಳೆ ತೊಟ್ಟದ್ದು. ವರ್ಷ ತುಂಬಿದ ರಾತ್ರಿ ಮದ್ದಳೆಯವಳ ಒಂದು ಮಾತು ಇಡೀ ಕಥೆಯನ್ನು ಹೊರಬಲ್ಲದು: “ನಿನಗ ವರ್ಷ ಮುಗೀತವ್ವಾ. ನನಗ?”

ಕನ್ನಡದ ಕ್ರಿಯಾಪದದೊಳಗಿನ ಗಂಡು, ಹೆಣ್ಣು

ಕನ್ನಡದಲ್ಲಿ ಬರೆಯುವವರಿಗೆ ಇರುವ ಒಂದು ತೊಡಕು ಇದು, ಒಂದು ವರವೂ ಹೌದು. ಬಂದನು, ಬಂದಳು ಎಂದ ಕೂಡಲೇ ಲಿಂಗ ಹೊರಬೀಳುತ್ತದೆ. ಆದರೆ ನಾನು ಬಂದೆ, ನೀನು ಬಂದಿ ಎನ್ನುವಲ್ಲಿ ಲಿಂಗವಿಲ್ಲ. ಬಂದು, ಕೂತು, ನೋಡಿ ಎಂದು ಕೊಂಡಿ ಹಾಕುತ್ತ ಹೋದರೆ ಕೊನೆಯ ಕ್ರಿಯಾಪದದ ತನಕ ಲಿಂಗ ಹೇಳಬೇಕಾಗಿಲ್ಲ. ಇಡೀ ಕಥೆಯನ್ನು ‘ನಾನು’ ಎಂದು ಬರೆದರೆ, ಪಾತ್ರ ತನ್ನನ್ನು ತಾನು ಹೆಸರಿಸಿಕೊಳ್ಳುವ ತನಕ ಓದುವವರಿಗೆ ಗೊತ್ತಾಗದಂತೆ ಇಡಬಹುದು. ಗಂಡು ಹೆಣ್ಣು ಎರಡೂ ಅಲ್ಲದ ಪಾತ್ರಕ್ಕೆ ‘ಅವರು ಬಂದರು’ ಎನ್ನುವ ಗೌರವದ ರೂಪ ನಮ್ಮಲ್ಲಿ ಸಹಜವಾಗಿಯೇ ಒದಗುತ್ತದೆ, ಕಿವಿಗೆ ಹೊಸದೆನಿಸುವುದಿಲ್ಲ.

ನಿರೂಪಣೆಯಲ್ಲಿ ಪಾತ್ರ ಅವನಿಂದ ಅವಳಾಗುವುದಾದರೆ ಯಾವ ವಾಕ್ಯದಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಲ್ಲಿಂದ ಮುಂದೆ ನಿರೂಪಕರ ದನಿ ಒಮ್ಮೆಯೂ ಹಿಂದಕ್ಕೆ ಜಾರಬಾರದು. ಕರಡು ಮುಗಿದ ಮೇಲೆ ‘-ನು’, ‘-ಳು’ ಎರಡನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಒಂದೊಂದನ್ನೂ ನೋಡಿ. ಜಾರಿದವು ಸಿಕ್ಕೇ ಸಿಗುತ್ತವೆ.

‘ಅದು’ ಎನ್ನುವ ಮಾತಿನ ಬಗ್ಗೆ ಜೋಪಾನ. ನಮ್ಮ ಕಡೆ ಸಣ್ಣ ಹುಡುಗಿಯನ್ನು ಪ್ರೀತಿಯಿಂದ ಅದು, ಇದು ಎನ್ನುವುದುಂಟು. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಅದೇ ಮಾತು ಬೈಗುಳ. ಪಾತ್ರವೊಂದರ ಕೀಳುತನ ತೋರಿಸಲಿಕ್ಕಷ್ಟೇ ಅದನ್ನು ಬಳಸಿ. ಇದಕ್ಕೆ ಎದುರಾಗಿ ‘ಯವ್ವಾ’ ಇದೆ. ಧಾರವಾಡ ಕಡೆ ತಾಯಿಗೂ ಯವ್ವಾ, ಮಗಳಿಗೂ ಯವ್ವಾ. ಮನೆಯ ಹಿರಿಯರು ಮೊದಲ ಸಲ “ಬಾರವ್ವಾ, ಉಣ್ಣ ಬಾ” ಅಂದ ಗಳಿಗೆ ಉದ್ದದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆಡುಮಾತನ್ನು ದಾಸಿಯರಿಗೆ, ಗ್ರಂಥದ ಮಾತನ್ನು ರಾಣಿಯರಿಗೆ ಹಂಚಬೇಡಿ. ಹಾಗೆ ಹಂಚಿದರೆ ನಮ್ಮ ಭಾಷೆ ನಗೆಯ ಸರಕಾಗುತ್ತದೆ. ಗದಗ ಜಿಲ್ಲೆಯ ಮುಳಗುಂದದ ನಯಸೇನ 1112ರಲ್ಲೇ, ಕನ್ನಡದಲ್ಲಿ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದಿದ್ದ. ಗದ್ಯಾಣ, ಮತ್ತರು, ಪೆರ್ಗಡೆಯಂಥ ಹಳೆಯ ಮಾತುಗಳು ಐದು ಸಾವಿರ ಪದಕ್ಕೆ ಇಪ್ಪತ್ತು ಇದ್ದರೆ ಸಾಕು, ಪ್ರತಿಯೊಂದರ ಅರ್ಥವೂ ಪಕ್ಕದ ಮಾತಿನಿಂದಲೇ ತಿಳಿಯುವಂತಿರಬೇಕು.

ಪ್ರೇಮ, ಮತ್ತು ಸಾಯಿಸದೆ ಮುಗಿಸುವುದು

ಗಂಡಸರ ನಡುವಿನ ಪ್ರೇಮಕ್ಕೆ ವೀರಗಲ್ಲುಗಳ ಕಡೆ ನೋಡಿ. ಒಡೆಯನ ಜೊತೆಗೇ ಸಾಯುತ್ತೇನೆಂದು ಭಾಷೆ ಕೊಟ್ಟ ಲೆಂಕರು ಇದ್ದರು, ಆ ಭಾಷೆಗೆ ವೇಳೆವಾಳಿ ಎಂದು ಹೆಸರು. ಹೆಂಡತಿ ಮಾಸ್ತಿಯಾದಂತೆ ಇವನು ಲೆಂಕನಾಗಿ ಸಾಯುತ್ತಿದ್ದ. ಇದನ್ನು ಸಲಿಂಗ ಪ್ರೇಮದ ದಾಖಲೆ ಎಂದು ಹೇಳಲು ಬರುವುದಿಲ್ಲ, ಇದು ಋಣದ ಕಟ್ಟು. ಕಥೆಗೆ ಬೀಜವಾಗಿ ಮಾತ್ರ ತೆಗೆದುಕೊಳ್ಳಬಹುದು. ಒಡೆಯ ಮತ್ತು ಆಳಿನ ನಡುವೆ ಬೇಡ ಅನ್ನುವ ಹಕ್ಕು ಇಬ್ಬರಿಗೂ ಸಮ ಇರುವುದಿಲ್ಲ, ಆದ್ದರಿಂದ ಆಳು ಒಮ್ಮೆ ಬೇಡ ಎನ್ನುವ, ಆ ಬೇಡವನ್ನು ಒಡೆಯ ಮನ್ನಿಸುವ ದೃಶ್ಯ ಬರೆಯದೆ ಅದನ್ನು ಪ್ರೇಮವೆನ್ನಬೇಡಿ. ಹೆಂಗಸರ ನಡುವಿನ ಪ್ರೇಮಕ್ಕೆ ಎರಡು ತೋಳಿರುವ ಮಾಸ್ತಿಗಲ್ಲುಗಳಿವೆ: ಒಬ್ಬ ಗಂಡ, ಇಬ್ಬರು ಹೆಂಡಿರು. ಅವರಿಬ್ಬರ ನಡುವೆ ಏನಿತ್ತು ಎಂದು ಯಾವ ಕಲ್ಲೂ ಹೇಳುವುದಿಲ್ಲ. ಅಕ್ಕಾದೇವಿಯಂಥ ಹೆಸರಿರುವವರಿಗೆ ಪ್ರೇಮ ಕಟ್ಟುವುದಕ್ಕಿಂತ ಹೆಸರಿಲ್ಲದ ಈ ಕಲ್ಲುಗಳಿಗೆ ಹೆಸರು ಕೊಡುವುದು ಒಳ್ಳೆಯದು.

ಮಧ್ಯಕಾಲದ ಕಥೆಗೆ ಸಾವೆಂದರೆ ಬಲು ಇಷ್ಟ. ಸಲಿಂಗ ಪ್ರೇಮಿಗಳನ್ನು ಕೊನೆಯಲ್ಲಿ ಸಾಯಿಸುವ ಚಾಳಿ ಇಂದಿನ ಕಥೆಗಳಿಗೂ ಇದೆ. ಎರಡೂ ಕೂಡಿದರೆ ನಿಮ್ಮ ಕಥೆ ತಾನಾಗಿ ಚಿತೆಯ ಕಡೆ ಉರುಳುತ್ತದೆ. ಅದನ್ನು ತಡೆಯುವುದು ನಿಮ್ಮ ಹೊಣೆ. ಇಬ್ಬರೂ ಬದುಕಿ, ಮುದುಕರಾಗಿ, ಒಂದೇ ಒಲೆಯ ಮುಂದೆ ಕೂತಿರಲಿ.

ಇದೆಲ್ಲ ಹೊರಗಿನ ಸರಕು ಎನ್ನುವವರು ಸಿಗುತ್ತಾರೆ. ಮೊಲೆ ಮುಡಿ ಬಂದರೆ ಹೆಣ್ಣು, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯ ನಮ್ಮವನೇ. ಗಂಡಸು ವಚನಕಾರರೇ ತಮ್ಮನ್ನು ಸತಿಯೆಂದು, ಲಿಂಗವನ್ನು ಪತಿಯೆಂದು ಕರೆದುಕೊಂಡ ನಾಡು ಇದು. ಆದರೆ ಈ ವಾದವನ್ನು ಪಾತ್ರದ ಬಾಯಿಂದ ಭಾಷಣವಾಗಿ ಆಡಿಸಬೇಡಿ.

ಬದುಕಿರುವವರ ಕಥೆ

ಸವದತ್ತಿ ಎಲ್ಲಮ್ಮನ ಕಥೆ, ಆ ದೇವಿಗೆ ಮೀಸಲಾಗಿ ಹೆಣ್ಣಿನ ಉಡುಗೆಯಲ್ಲಿ ಬಾಳುವ ಜೋಗಪ್ಪಗಳ ಬಾಳು ಮುಟ್ಟುವವರು ನಿಧಾನಿಸಬೇಕು. ಚೌಡಿಕೆ ವಾದ್ಯ ಹಿಡಿದು ಉಧೋ ಎನ್ನುವವರು ಇಂದೂ ನಮ್ಮ ನಡುವೆ ಇದ್ದಾರೆ. ಜೋಗತಿ ಕಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅದೇ ಹೊತ್ತಿಗೆ ಮುತ್ತು ಕಟ್ಟಿ ದೇವಿಗೆ ಬಿಡುವುದರ ಹಿಂದೆ ಬಡವರ ಹೆಣ್ಣುಮಕ್ಕಳ ನೋವೂ ಇದೆ, ದೇವದಾಸಿ ಸಮರ್ಪಣೆಯನ್ನು ತಡೆಯಲು ಕರ್ನಾಟಕ 1982ರಲ್ಲೇ ಕಾನೂನು ತಂದಿತ್ತು. ಮುತ್ತನ್ನು ಬರೀ ಮಾಯೆಯ ಮಣಿಯಾಗಿ ತೋರಿಸಿದರೆ ಆ ನೋವನ್ನು ಅಳಿಸಿದಂತೆ. ಅವರ ಹಾಡನ್ನು ಕೇಳದೆ ಎತ್ತಿ ಹಾಕಬೇಡಿ. ಕರಡನ್ನು ಅವರಲ್ಲಿ ಇಬ್ಬರಿಗಾದರೂ ಓದಿ ಹೇಳಿ, ಅವರ ಹೊತ್ತಿಗೆ ಹಣ ಕೊಡಿ, ಬೇಡ ಅಂದ ಭಾಗ ತೆಗೆಯಿರಿ.

ಅಡುಗೆಮನೆಯಲ್ಲಿ ಸಿಕ್ಕಿಬೀಳುವ ತಪ್ಪುಗಳು

11ನೆಯ ಶತಮಾನದ ರಾಣಿಗೆ ಬ್ಯಾಡಗಿ ಮೆಣಸಿನಕಾಯಿ ಚಟ್ನಿ ಬಡಿಸಿದರೆ ಕಥೆ ಅಲ್ಲೇ ಮುರಿಯುತ್ತದೆ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಬಟಾಟೆ, ಟೊಮೆಟೊ, ತಂಬಾಕು ಎಲ್ಲ ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲಷ್ಟೇ ಇಲ್ಲಿಗೆ ಬಂದವು. ಜೋಳದ ರೊಟ್ಟಿ ಇರಲಿ, ಖಾರಕ್ಕೆ ಕರಿಮೆಣಸು, ನಂಚಿಕೊಳ್ಳಲು ಎಳ್ಳಿನ ಹಿಂಡಿ, ತುಪ್ಪ ಇರಲಿ. ಕಾಗದ ಬೇಡ, ಓಲೆ ಅಥವಾ ತಾಮ್ರಪಟ.

ಕರಡು ಮುಗಿದಾಗ ಒಂದು ವಾರ ಮುಚ್ಚಿಡಿ. ಆಮೇಲೆ ಇಬ್ಬರಿಗೆ ಗಟ್ಟಿಯಾಗಿ ಓದಿ, ಒಬ್ಬರು ಮೂಲ ಕಥೆ ಬಲ್ಲವರು, ಇನ್ನೊಬ್ಬರು ಕೇಳದೇ ಇದ್ದವರು. ಎರಡನೆಯವರಿಗೆ ಎಲ್ಲಿ ಗೊಂದಲವಾಯಿತೋ ಅಲ್ಲಿ ಎರಡು ಸಾಲು ಸೇರಿಸಿ. ಮೊದಲನೆಯವರಿಗೆ ಎಲ್ಲಿ ಸಿಟ್ಟು ಬಂತೋ ಅಲ್ಲಿ ನಿಲ್ಲಿ: ಸಂಗತಿ ತಪ್ಪಿದ್ದಕ್ಕೋ, ನೋಟ ಬದಲಾದದ್ದಕ್ಕೋ ಎಂದು ಕೇಳಿ. ಸಂಗತಿ ತಪ್ಪಿದ್ದರೆ ತಿದ್ದಿ. ನೋಟ ಬದಲಾದದ್ದಕ್ಕಾದರೆ ಹಾಗೇ ಬಿಡಿ.

ಕಥೆಯ ಕೊನೆಗೆ ಚಿಕ್ಕದೊಂದು ಟಿಪ್ಪಣಿ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ಕಲ್ಪನೆ ನಾಳೆ ಇತಿಹಾಸವೆಂದು ವಾಟ್ಸ್ಆ್ಯಪಿನಲ್ಲಿ ಸುತ್ತುತ್ತದೆ. ಮೇಲಿನ ಕಥೆಗಾದರೆ ಹೀಗೆ ಬರೆಯಬಹುದು: “ಅತ್ತಿಮಬ್ಬೆ, ಗುಂಡಮಬ್ಬೆ, ಸಾವಿರ ಪ್ರತಿ, ಲಕ್ಕುಂಡಿಯ ಬಸದಿ, ಇವು ಇತಿಹಾಸದವು. ಗೋದಾವರಿ ನಿಂತದ್ದು ಐತಿಹ್ಯ. ನೀರು ನೆನಪನ್ನು ಒಯ್ಯುವುದು, ಓಲೆಯ ಅಂಚಿನ ಕಪ್ಪಿಲ್ಲದ ಅಕ್ಷರ ನನ್ನ ಕಲ್ಪನೆ.”